ದತ್ತೂರಿ ಹೂ ಹರಿದ ಕೈ

ಅತ್ಯಾರ,

ನಾ ಡ್ಯೂಟಿಗೆ ಹೊಂಟೇನ್ರಿ. ರೊಟ್ಟಿ, ಬ್ಯಾಳಿ ಮುಚ್ಚಿಟ್ಟೇನಿ.

ಎಡಗಣ್ಣಿನ ಗೊಂಬಿ ಇನ್ನೂ ದೊಡ್ಡದಾಗೇ ಐತಿ, ಕನ್ನಡಿ ನೋಡಿ ಅಂಜಬ್ಯಾಡ್ರಿ. ಲಕ್ವಾ ಅಲ್ಲಂತ ಡಾಕ್ಟರ್ ಸ್ಕ್ಯಾನ್ ಮಾಡಿಸೇ ಹೇಳ್ಯಾರ. ದತ್ತೂರಿ ಹೂ ಹರದ ಕೈಲೇ ಕಣ್ಣ ಒರಸಿಕೊಂಡೀರಿ, ಅದರ ರಸ ಕಣ್ಣಿನ ನರಾ ಮಂಕ ಮಾಡೈತಿ, ಅಷ್ಟ. ತಾನ ಇಳೀತೈತಿ. ಔಷಧಿ ಗಿಡಾ ಖರೇ, ಆದ್ರ ಹೊಟ್ಟಿಗೆ ಹೋಗಿದ್ರ ತಲಿಗೇ ಏರತಿತ್ತಂತ! ಬಿಸಲಿಗೆ ಬರಬ್ಯಾಡ್ರಿ. ಸೋಮವಾರದ ಶಿವಪೂಜಾದ ಹೂ ಇನ್ನ ನಾನ ಹರೀತೇನಿ.

ಒಂದ ಮಾತ. ಹೂ ಹರಿಯುವಾಗ ಕಣ್ಣ ಯಾಕ ಒರಸಿಕೊಂಡ್ರಿ? ರಜನಿ ಗಂಡನ ಮನಿಗೆ ಹೋದ ಮ್ಯಾಲ ಅದ ಮೊದಲನೇ ಸೋಮವಾರ. ಹೂ ಹರಿಯೂದು ನಿಮ್ಮ ಮಗಳ ಕೆಲಸಾಗಿತ್ತು.

ಇನ್ನ ಅಳು ಬಂದ್ರ ಹಿತ್ತಲಕ್ಕ ಹೋಗಬ್ಯಾಡ್ರಿ, ಅಡಗಿಮನಿಗೆ ಬರ್ರಿ. ತವರಮನಿ ನೆನಪಾದ್ರ ನಾನೂ ಅಲ್ಲೇ ಅಳತೇನಿ.

ದಾಕ್ಷಾಯಿಣಿ