ಗುಡ್ಡದ ಬದಿಯ ದಾರಿ

ಅಂಕೋಲಾ, ೨೦೦೩

ಸೋಮು ಅಣ್ಣಾ,

ಇವತ್ತು ನಿನ್ನ ಮೇಜರ್ ಸಾಹೇಬರು ಮನೆಗೆ ಬಂದಿದ್ದರು. ಧಾರವಾಡದವರಂತೆ. ಕಾಶ್ಮೀರದಲ್ಲಿ ನೀನು ಹೇಗೆ ತೀರಿಕೊಂಡೆ ಎಂದು ನಾವು ಪೂರ್ತಿ ಕೇಳಿದ್ದು ಇವತ್ತೇ.

ಉಗ್ರರು ಹೊಕ್ಕಿದ್ದ ಮನೆಯಲ್ಲಿ ಮಕ್ಕಳೂ ಇದ್ದರಂತೆ. ನಾಲ್ಕೂ ಕಡೆ ಮುಚ್ಚಿದರೆ ಅವರು ಸಾಯುವ ತನಕ ಕಾದಾಡುತ್ತಾರೆ, ಮಕ್ಕಳು ಉಳಿಯುವುದಿಲ್ಲ ಎಂದು ನೀನು ಹಳ್ಳದ ಕಡೆಯ ಕಾವಲು ತೆಗೆಸಿ, ದೂರದಲ್ಲಿ ಹೊಂಚಿ ಕೂತೆಯಂತೆ. ಅವರು ಅಲ್ಲಿಂದಲೇ ಓಡಿಬಂದರು. ಮಕ್ಕಳು ಉಳಿದರು. ನಿನಗೆ ಗುಂಡು ತಗುಲಿತು.

"ಎಂತಕ್ಕೆ ದಾರಿ ಬಿಟ್ಟನ್ರಾ ಅಂವ?" ಎಂದಳು ಅವ್ವ.

"ಸುತ್ತುಗಟ್ಟಿದ ವೈರಿಗೆ ಒಂದು ದಾರಿ ಬಿಡಬೇಕು ಅಂತ ಹಳೇ ಯುದ್ಧಶಾಸ್ತ್ರದಾಗ ಅದ, ತಾಯಿ. ಕ್ಲಾಸಿನಾಗ ಕಲಿಸಿದವ ನಾನಽ," ಎಂದು ಸಾಹೇಬರು ತಲೆ ತಗ್ಗಿಸಿದರು. ಕೊಟ್ಟ ಚಾ ಮುಟ್ಟಲಿಲ್ಲ.

ಹೊರಗಿನವರೆದುರು ನನಗೆ ಮಾತೇ ಹೊರಡುವುದಿಲ್ಲ, ನಿನಗೆ ಗೊತ್ತು. ಆದರೂ ಬಾಗಿಲ ಮರೆಯಿಂದಲೇ ಹೇಳಿಬಿಟ್ಟೆ: "ನೀವು ಕಲಿಸಿದ್ದಲ್ರಾ. ಶೇಂಗಾ ಗದ್ದೆಗೆ ಹಂದಿ ಹೊಕ್ಕರೆ ನಮ್ಮಲ್ಲಿ ಗುಡ್ಡದ ಬದಿಗೆ ಯಾರೂ ನಿಲ್ಲುದಿಲ್ಲ. ಎಲ್ಲಾ ಬದಿ ಕಟ್ಟಿದ್ರೆ ಮೈಮೇಲೇ ಬರ್ತದೆ. ಅಣ್ಣಂಗೆ ಅದು ಅಪ್ಪ ಕಲಿಸಿದ್ದು."

ಸಾಹೇಬರು ನನ್ನ ಕಡೆ ನೋಡಿ ಕಣ್ಣೊರೆಸಿಕೊಂಡರು. ಆಮೇಲೆ ಆರಿದ ಚಾವನ್ನೇ ಕುಡಿದರು.

ನಾನು ಅಂದದ್ದು ಜಗಲಿಯಲ್ಲಿದ್ದ ಅಪ್ಪನಿಗೂ ಕೇಳಿಸಿತ್ತು. ಸಾಹೇಬರ ಜೀಪು ಹೋಯಿತು. ಅಪ್ಪ ನನ್ನನ್ನು ಕರೆದು ಕೇಳಿದ: "ಆ ಮಕ್ಕಳು ಎಷ್ಟು ದೊಡ್ಡವಂತೆ?"

ಅದನ್ನು ನಾನು ಸಾಹೇಬರನ್ನು ಕೇಳಿರಲಿಲ್ಲ.

"ಸಣ್ಣವು ಅಪ್ಪಾ. ಈಗ ಶಾಲೆಗೆ ಹೋಗ್ತವಂತೆ," ಎಂದೆ.

ಅಪ್ಪ ತಲೆಯಾಡಿಸಿದ. ಹೋಗುತ್ತಿರಬಹುದು, ಅಲ್ಲವಾ ಅಣ್ಣಾ?

ಬೊಮ್ಮಿ