ತೆಂಗಿನ ಗರಿ ಕಟ್ಟಿದ ದೋಣಿ

ಕರಾಮ, ದುಬೈ
12 ಜನವರಿ 2025, ಭಾನುವಾರ

ಪ್ರೀತಿಯ ಫರ್ಝಾನಳ ಬಾಪನಿಗೆ ನಫೀಸಳ ಸಲಾಂ.

ನಿಮ್ಮ ಬೆನ್ನುನೋವು ಹೇಗಿದೆ? ಯಂತ್ರ ನಿಲ್ಲಿಸಿ ರಿಪೇರಿ ಮಾಡುವ ಈ ಶಟ್‌ಡೌನ್ ಮುಗಿಯುವವರೆಗೆ ರಿಫೈನರಿಯಲ್ಲಿ ಊಟದ ಹೊತ್ತೂ ನಿಮ್ಮ ಕೈಯಲ್ಲಿಲ್ಲ ಎಂದು ಗೊತ್ತು. ಆದರೂ ಬರೀ ಖುಬ್ಬೂಸ್ ರೊಟ್ಟಿ, ಮೊಸರಿನಲ್ಲಿ ದಿನ ದೂಡಬೇಡಿ. ಡ್ರೈವರ್ ಶಮೀರ್ ಇವತ್ತು ನಿಮ್ಮ ರುವೈಸಿಗೆ ಗಾಡಿ ತರುತ್ತಾನಂತೆ, ಅವನ ಕೈಯಲ್ಲಿ ಒಣಸಿಗಡಿ ಚಟ್ನಿಯೂ ಈ ಕಾಗದವೂ ಬರುತ್ತವೆ. ಈ ಕಾಲದಲ್ಲಿ ಕಾಗದ ಬರೆಯುತ್ತಾಳಲ್ಲ ಎಂದು ನಗಬೇಡಿ. ಫೋನಿನಲ್ಲಿ ನೀವು "ಊಟ ಆಯ್ತಾ, ಮಕ್ಕಳು ಮಲಗಿದ್ರಾ" ಎನ್ನುತ್ತೀರಿ, ನಾನು "ಹ್ಞೂಂ" ಎನ್ನುತ್ತೇನೆ, ಅಲ್ಲಿಗೆ ಖಲಾಸ್. ವಿಯೆಟ್ನಾಮಿನಿಂದ ಬಂದು ಇಷ್ಟು ದಿನವಾದರೂ ಫೋಟೊ ಕಳಿಸಿದ್ದು ಬಿಟ್ಟರೆ ನಿಮಗೆ ನಾನು ಏನೂ ಹೇಳಿಲ್ಲ.

ಅಲ್ಲಿಯ ಹೊಳೆಯನ್ನು ನೋಡಬೇಕಾಗಿದ್ದವರು ನೀವು. ನೇತ್ರಾವತಿಯ ನಡುವೆ, ಸುತ್ತಲೂ ನೀರಿರುವ ಕುದ್ರುವಿನಲ್ಲಿ ಹುಟ್ಟಿ, ಶಾಲೆಗೂ ಮದುವೆಗೂ ದೋಣಿಯಲ್ಲೇ ಹೋದವರು. ಮಕ್ಕಳಿಗೆ ನೀರಿನ ಮೇಲಿನ ಬದುಕು ತೋರಿಸಬೇಕು ಎಂದು ವರ್ಷವಿಡೀ ಹೇಳಿ ಟಿಕೆಟ್ ಮಾಡಿಸಿದವರು. ಕಂಪನಿ ಶಟ್‌ಡೌನನ್ನು ಬೇಗ ಶುರುಮಾಡಿ ನಿಮ್ಮ ರಜೆ ತಪ್ಪಿಸಿತು. "ಮಕ್ಕಳ ಆಸೆ ಯಾಕೆ ಮುರಿಯುವುದು, ನೀವು ಹೋಗಿ ಬನ್ನಿ" ಎಂದಿರಿ. ಹೋದದ್ದು ಯಾರು? ಕ್ರೀಕ್ ದಾಟುವ ಅಬ್ರಾ ದೋಣಿಯಲ್ಲಿ ಕೂತರೂ ತಲೆ ತಿರುಗುವ ನಾನು. ಹಲ್ಲಿದ್ದವರಿಗೆ ಕಡಲೆಯಿಲ್ಲ, ಕಡಲೆಯಿದ್ದವರಿಗೆ ಹಲ್ಲಿಲ್ಲ ಎಂದು ಹಿರಿಯರು ಸುಮ್ಮನೆ ಹೇಳಿದ್ದಲ್ಲ.

ನಮ್ಮನ್ನು ಕರೆದೊಯ್ದ ಗೈಡ್ ನನ್ನದೇ ಪ್ರಾಯದ ಹೆಂಗಸು. ದೋಣಿಕಟ್ಟೆಯಲ್ಲಿ ನಿಮ್ಮ ಹೆಸರಿನ ಬೋರ್ಡ್ ಹಿಡಿದು ನಿಂತಿದ್ದಳು. ನಿಮ್ಮ ಹೆಸರು ಹೇಳಿ ಅಭ್ಯಾಸವಿಲ್ಲದ ನಾನು ಬೋರ್ಡಿಗೆ ಬೆರಳು ತೋರಿಸಿದೆ. "ಹಾಶಿಮ್ ಎಲ್ಲಿ?" ಎಂದು ಕೇಳಿದಳು. ನಾನು ಇಂಗ್ಲಿಷ್ ಹುಡುಕುವಷ್ಟರಲ್ಲಿ ಫರ್ಝಾನ, "ಹಿ ಡಸಂಟ್ ಲಿವ್ ವಿತ್ ಅಸ್. ಹಿ ಕಮ್ಸ್ ಆನ್ ವೀಕೆಂಡ್ಸ್" ಎಂದುಬಿಟ್ಟಳು. ಗೈಡಿನ ಮುಖ ಸಣ್ಣದಾಯಿತು. ನನ್ನ ಕೈ ಹಿಡಿದು ಅದುಮಿದಳು. ಆಮೇಲೆ ದಿನವಿಡೀ ಗಂಡ ಬಿಟ್ಟವಳಿಗೆ ಮಾಡುವ ಉಪಚಾರ; ನೆರಳಿನ ಜಾಗ ನನಗೆ, ದೊಡ್ಡ ಎಳನೀರು ನನಗೆ. ನಿಮಗೆ ನಗು ಬರುತ್ತದೆ, ಗೊತ್ತು. ನನಗೂ ಮೊದಲು ಬಂತು. ತಿದ್ದೋಣವೆಂದು ಬಾಯಿ ತೆರೆದೆ. ಆದರೆ ಏನೆಂದು ತಿದ್ದಲಿ? ಮಗಳು ಹೇಳಿದ್ದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ.

ಅಲ್ಲಿ ಹೊಳೆಯ ಮೇಲೆಯೇ ದೋಣಿಗಳ ಸಂತೆ, ಯಾರೂ ಕೂಗಿ ಮಾರುವುದಿಲ್ಲ. ಪ್ರತಿ ದೋಣಿಯಲ್ಲೂ ಒಂದು ಉದ್ದ ಗಳು, ಅದರ ತುದಿಗೆ ಮಾರುವ ಸಾಮಾನು. ಅನಾನಸು ತೂಗಿದರೆ ಅನಾನಸಿನ ದೋಣಿ, ಕುಂಬಳಕಾಯಿ ತೂಗಿದರೆ ಕುಂಬಳದ್ದು. ಒಂದು ದೋಣಿಯ ಗಳುವಿನಲ್ಲಿ ಮಾತ್ರ ಬರೀ ತೆಂಗಿನ ಗರಿ. ಗರಿಯನ್ನೂ ಮಾರುತ್ತಾರಾ ಎಂದು ನಮ್ಮ ಶಾನವಾಝ್ ಕೇಳಿದ. ಗರಿ ಕಟ್ಟಿದರೆ ದೋಣಿಯೇ ಮಾರಾಟಕ್ಕಿದೆ ಎಂದರ್ಥವಂತೆ. ಅದು ಬರೀ ದೋಣಿಯಲ್ಲ, ಮನೆ. ಒಳಗೆ ಒಲೆಯಿತ್ತು, ಹೂವಿನ ಪರದೆಯಿತ್ತು, ಮಗುವಿನ ಅಂಗಿ ಒಣಗುತ್ತಿತ್ತು. ಮನೆಯಾಕೆ ಈರುಳ್ಳಿ ಸುಲಿಯುತ್ತಾ ಕೂತಿದ್ದಳು. ಮಾರಲು ಬೇಸರವಿಲ್ಲವೇ ಎಂದು ಗೈಡಿನ ಮೂಲಕ ಕೇಳಿಸಿದೆ. ಗಂಡನಿಗೆ ಪಟ್ಟಣದಲ್ಲಿ ಕೆಲಸ, ಒಬ್ಬನೇ ಬೇಯಿಸಿಕೊಳ್ಳುತ್ತಾನೆ, ಅನ್ನ ಯಾವಾಗಲೂ ತಳ ಹಿಡಿಯುತ್ತದೆ, ಅದಕ್ಕೇ ಇದನ್ನು ಮಾರಿ ಅವನಲ್ಲಿಗೆ ಹೋಗುವುದು ಎಂದು ಅವಳು ನಕ್ಕಳು. ನನಗೆ ನಗಲಾಗಲಿಲ್ಲ.

ಸಂತೆ ದಾಟಿ ಸಣ್ಣ ಕಾಲುವೆಗಳಿಗೆ ಹೊಕ್ಕೆವು. ಎರಡೂ ಕಡೆ ತೆಂಗು, ನೀರಿಗಿಳಿಯುವ ಮೆಟ್ಟಿಲು, ಮೆಟ್ಟಿಲಲ್ಲಿ ಪಾತ್ರೆ ತೊಳೆಯುವ ಹೆಂಗಸರು. ನಿಮ್ಮ ಕುದ್ರುವೇ. ಯಾವ ಮೀನು ಹಾರಿತು, ಆ ಬಲೆಗೆ ಹೆಸರೇನು ಎಂದು ಮಕ್ಕಳು ನನ್ನನ್ನು ಕೇಳುತ್ತಿದ್ದರು. ನನಗೇನು ಗೊತ್ತು? ಬಾಪನನ್ನು ಕೇಳಿ ಎಂದೆ. ವಾಪಸು ಬಂದ ಮೇಲೆ ಅವರು ಕೇಳಲಿಲ್ಲ, ಮರೆತೇಬಿಟ್ಟರು. ನನಗೆ ಅದೇ ಸಂಕಟ. ಕಳೆದ ರಮ್ಜಾನಿನಲ್ಲಿ ನೀವು ಕಂಪನಿ ರುವೈಸಿನಲ್ಲಿ ಕೊಡುವ ಫ್ಯಾಮಿಲಿ ಕ್ವಾರ್ಟರ್ಸ್ ಮಾತೆತ್ತಿದಿರಿ. ಇಲ್ಲಿಯ ಸ್ಕೂಲು, ಕೆಳಗೆ ಮೀನಿನಂಗಡಿ, ಪಕ್ಕದಲ್ಲಿ ನಸೀಮ, ಆ ಮರುಭೂಮಿಯಲ್ಲಿ ಏನಿದೆ ಎಂದು ನಾನಂದೆ. ನೀವೂ ಸರಿ ಎಂದಿರಿ. ಅಲ್ಲಿ ನೀವಿದ್ದೀರಿ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ ನೋಡಿ.

ಚಟ್ನಿಯ ಡಬ್ಬಿ ಫ್ರಿಜ್ಜಿನಲ್ಲಿಡಿ, ರೂಮಿನವರಿಗೂ ಕೊಡಿ. ಬೆನ್ನಿಗೆ ಎಣ್ಣೆ ಹಚ್ಚಿಕೊಳ್ಳಿ. ಮೇಲಿರುವ ಪಡೆದವನು ನಿಮ್ಮನ್ನು ಸುಖವಾಗಿಟ್ಟಿರಲಿ.

ನಿಮ್ಮ
ನಫೀಸ

ವಿ.ಸೂ.: ಶಮೀರ್ ಕೆಳಗೆ ಹಾರ್ನ್ ಹೊಡೆಯುತ್ತಿದ್ದಾನೆ. ಮೊನ್ನೆ ರಸ್ತೆಬದಿಯ ಖರ್ಜೂರದ ಮರ ಸವರಿದ್ದರು. ಮಕ್ಕಳಿಬ್ಬರೂ ಒಂದು ಗರಿ ಎಳೆದು ತಂದು ಬಾಲ್ಕನಿಗೆ ಕಟ್ಟಿದ್ದಾರೆ. ಬಿಚ್ಚಿ ಎಂದು ಬೈಯಲು ಹೋದವಳು ಗಂಟನ್ನು ಇನ್ನಷ್ಟು ಬಿಗಿದು ಬಂದೆ. ವಾಚ್‌ಮನ್ ಮಮ್ಮು "ಇದೆಂಥದು ಮಾರಾಯ್ರೆ?" ಎಂದು ಕೇಳಿದ. ನಾವು ರುವೈಸಿಗೆ ಹೋಗುತ್ತಿದ್ದೇವೆ ಎಂದೆ. ನಾಳೆಯೇ ಕ್ವಾರ್ಟರ್ಸಿಗೆ ಕೇಳಿ. ಗರಿ ಒಣಗಿ ಉದುರುವ ಮೊದಲು ನಮ್ಮನ್ನು ಕರೆದೊಯ್ಯಲು ಬನ್ನಿ.