ಫೋಟೋದಲ್ಲಿದ್ದವನ ಹೆಸರು

ವಸಂತ್ ಕುಂಜ್, ದೆಹಲಿ
19-11-2006

ಪ್ರೀತಿಯ ತಿಪ್ಪೇಸ್ವಾಮಣ್ಣನಿಗೆ,

ತಮ್ಮ ಗೋಪಾಲನ ನಮಸ್ಕಾರ. ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯಲಿಲ್ಲ, ತಪ್ಪಾಯಿತು. ನಿಮ್ಮ ಗಣಿ ಕಂಪನಿಯಲ್ಲಿ ನೀನು ಹೇಳಿ ಕೊಡಿಸಿದ ಡ್ರೈವರ್ ಕೆಲಸ ಹೋಯಿತು. ಐದನೇ ಕೆಲಸ ಅಂತ ಬೈಯಬೇಡ, ಈ ಸಲ ನಾನಾಗಿ ಬಿಟ್ಟದ್ದಲ್ಲ.

ಮೊನ್ನೆ ಗುರುವಾರ ಮ್ಯಾನೇಜರ್ ಸಂದೀಪ್ ಸಾಹೇಬರು ಕರೆದು, "ನಿಮ್ಮಣ್ಣನ ಸೈಟಿನ ಕಡೆಯಿಂದ ಹದಿನಾಲ್ಕು ಆದಿವಾಸಿಗಳು ನಿಜಾಮುದ್ದೀನ್ ಸ್ಟೇಷನ್ನಿಗೆ ಬರ್ತಾರೆ. ಮಾನವ ಹಕ್ಕು ಆಯೋಗದ ಬಸ್ ಅಂತ ಹೇಳಿ ಹತ್ತಿಸ್ಕೋ. ಐದು ಗಂಟೆವರೆಗೂ ಊರು ತೋರಿಸ್ತಿರು, ಚಲೋ" ಎಂದರು. ಆಯೋಗದಲ್ಲಿ ಅವರ ವಿಚಾರಣೆ ಇದ್ದದ್ದು ಮೂರಕ್ಕೆ.

ತೋರಿಸಿದೆ. ಇಂಡಿಯಾ ಗೇಟ್ ಮುಂದೆ ಬುಧ್ನಿ ಎಂಬ ಮುದುಕಿ ಕತ್ತೆತ್ತಿ, "ಇಷ್ಟು ದೊಡ್ಡ ಬಾಗಿಲು, ಗೋಡೆನೇ ಇಲ್ವಲ್ಲೋ ಬೇಟಾ!" ಎಂದಳು. ಎಲ್ಲರೂ ನಕ್ಕರು. "ಕೆತ್ತಿರೋದೇನು?"

"ಸತ್ತ ಸಿಪಾಯಿಗಳ ಹೆಸರು."

"ಸತ್ತೋರ ಹೆಸರು ನಮ್ಮ ಹತ್ರನೂ ಇದೆ. ಕೊಂದೋನ್ದು ಸಿಕ್ತಿಲ್ಲ."

ಗಣಿ ಬೇಡವೆಂದು ಅವರು ತಮ್ಮ ಗುಡ್ಡದ ಮೇಲೆ ಕೂತಿದ್ದರಂತೆ. ಪೊಲೀಸರು ನೋಡುತ್ತ ನಿಂತರಂತೆ, ಕಂಪನಿಯ ಗಾರ್ಡುಗಳು ಗುಂಡು ಹಾರಿಸಿದರಂತೆ. ಸತ್ತ ಮೂವರಲ್ಲಿ ಒಬ್ಬ ಅವಳ ಮಗ. ಗುಂಡು ಹಾರಿಸುವಾಗ ಯಾರೋ ತೆಗೆದ ಫೋಟೋ ಒಂದನ್ನು ಸೆರಗಿನಿಂದ ಬಿಚ್ಚಿ ತೋರಿಸಿದಳು. "ಇವನ ಹೆಸರು ಕೊಡದಿದ್ರೆ 'ಅಪರಿಚಿತ' ಅಂತ ಬರೆದು ಕೇಸ್ ಮುಚ್ಚಿಬಿಡ್ತಾರೆ."

ನೋಡಿದೆ. ಮತ್ತೊಮ್ಮೆ ನೋಡಿದೆ. "ಅಮ್ಮಾ, ನಾನು ಆಯೋಗದವನಲ್ಲ. ಕಂಪನಿಯವನು. ನಿಮ್ಮನ್ನ ಸುಮ್ನೆ ಸುತ್ತಿಸ್ತಿದೀನಿ" ಎಂದುಬಿಟ್ಟೆ.

ಹೊಡೆಯುತ್ತಾರೆ ಅಂತ ಕಾದೆ. ಯಾರೂ ಕೈ ಎತ್ತಲಿಲ್ಲ. ಮುದುಕಿ ಗಂಟು ಬಿಚ್ಚಿ ನನ್ನ ಬೊಗಸೆಗೆ ಮಂಡಕ್ಕಿ ಸುರಿದಳು. "ಬೆಳಿಗ್ಗೆಯಿಂದ ನೀನೂ ಉಂಡಿಲ್ಲ. ದಾರಿ ಗೊತ್ತಿರೋನು ನೀನೇ ತಾನೇ? ತಿಂದು ನಡಿ."

ಅಣ್ಣಾ, ಇಷ್ಟೂರು ಸುತ್ತಿದೀನಿ, ಇಂಥವರನ್ನು ಕಂಡಿಲ್ಲ. ಆ ಗೇಟು ಅವಳ ಪಕ್ಕದಲ್ಲಿ ಚಿಕ್ಕದಾಗಿ ಕಂಡಿತು. ಮೂರಕ್ಕೆ ಹತ್ತು ನಿಮಿಷ ಇರುವಾಗ ಬಸ್ಸನ್ನು ಆಯೋಗದ ಮುಂದೆ ನಿಲ್ಲಿಸಿದೆ.

ಅತ್ತಿಗೆಗೆ ನಮಸ್ಕಾರ, ಮಯೂರಿಗೆ ಮುತ್ತು. ನೀವೆಲ್ಲ ಚೆನ್ನಾಗಿರಬೇಕು. ಬಾಯಿಮಾತಿಗೆ ಬರೆಯುತ್ತಿಲ್ಲ.

ನಿನ್ನ ತಮ್ಮ,
ಗೋಪಾಲ

ತಾ.ಕ.: ಫೋಟೋದಲ್ಲಿ ಬಂದೂಕು ಹಿಡಿದು ನಿಂತವನು ನೀನು. ಅವರಿಗೆ ಬರೆಯಲು ಬಾರದು, ಹತ್ತನೇ ಕ್ಲಾಸಿನ ಹಿಂದಿಯಲ್ಲಿ ದೂರು ಬರೆದವನು ನಾನು. ಆರೋಪಿ: ತಿಪ್ಪೇಸ್ವಾಮಿ. ತಂದೆಯ ಹೆಸರು: ನಾರಾಯಣಸ್ವಾಮಿ. "ಅವನಪ್ಪನ ಹೆಸರು ನಿಂಗೆ ಹೇಗೆ ಗೊತ್ತು?" ಎಂದು ಗುಮಾಸ್ತ ಕೇಳಿದ. ಸಾಕ್ಷಿಯ ಜಾಗದಲ್ಲಿ ನನ್ನ ಹೆಸರು ಹಾಕಿ, ಪಕ್ಕದಲ್ಲಿ ಅಪ್ಪನ ಹೆಸರನ್ನು ಇನ್ನೊಮ್ಮೆ ಬರೆದೆ.